ಪೈಪು ಸೋರಿದರೆ ಮರಕ್ಕೆ ಬರೆ

ಮೈಸೂರಿನ ಹಳೆಯ ಬಡಾವಣೆಯೊಂದರ ಮನೆ. 40×60 ಅಡಿಯ ನಿವೇಶನ. ಮನೆ ಕಟ್ಟಿಸಿ 40 ವರ್ಷದ ಮೇಲಾಗಿದೆ. ಗೇಟಿನ ಪಕ್ಕದಲ್ಲಿ ಮನೆಯಷ್ಟೇ ವಯಸ್ಸಿನ ಹೊಂಗೆ ಮರ. ಒಂದು ಭಾನುವಾರ ಬೆಳಿಗ್ಗೆ ಬಚ್ಚಲಿನ ನೀರು ಇಳಿಯಲೇ ಇಲ್ಲ. ಕಕ್ಕಸಿಗೆ ಒಂದು ಬಕೆಟ್ ನೀರು ಸುರಿದರೆ ಒಳಗಿನಿಂದ ಗುಳುಗುಳು ಸದ್ದು. ಕಾಂಪೌಂಡಿನ ಬಳಿಯ ಚೇಂಬರಿನ ಮುಚ್ಚಳ ಸರಿಸಿ ನೋಡಿದರೆ ನೀರು ಕಟ್ಟಿ ನಿಂತಿದೆ. ಅಂಚಿನಲ್ಲಿ ಬಿಚ್ಚಿದ ಜಡೆಯಂತೆ ಕಂದುಬಣ್ಣದ ಬೇರುಗಳ ಗೊಂಚಲು!

ಪೈಪು ಶುಚಿ ಮಾಡಿಸುವಾತ ಬಂದು ನೋಡಿ ತೀರ್ಪು ಕೊಟ್ಟುಬಿಟ್ಟ. "ಬೀದಿ ಮ್ಯಾನ್‌ಹೋಲಿಗೆ ಒಬ್ಬ ಹುಡುಗನ್ನ ಇಳಿಸಿದ್ರೆ ಅರ್ಧ ಗಂಟೆ ಕೆಲಸ ಸಾರ್, ಬೇರು ಎಳೆದು ಹಾಕ್ತಾನೆ. ಆದ್ರೆ ಈ ಮರ ಇರೋವರೆಗೂ ಕಾಟ ತಪ್ಪಲ್ಲ. ಕಡಿಸಿಬಿಡಿ."

ಮನೆಯ ಯಜಮಾನರು ತಲೆಯಾಡಿಸಿದರು. ಒಳಗಿನಿಂದ ಅಜ್ಜಿ, "ನಿಮ್ಮಪ್ಪ ನೆಟ್ಟ ಮರ ಕಣೋ" ಎಂದರು. ಒಂಬತ್ತನೇ ತರಗತಿಯ ಮಗಳು ಮಾತ್ರ ಬೇರೆಯದೇ ಪ್ರಶ್ನೆ ಕೇಳಿದಳು: "ಅಪ್ಪಾ, ಮುಟ್ಟಿದರೆ ಮುರಿಯುವಂಥ ಈ ಬೇರು ಅಷ್ಟು ಗಟ್ಟಿ ಪೈಪನ್ನು ಹೇಗೆ ಒಡೆಯಿತು?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕದೆ ಹೋದರೆ ಒಂದು ಮರದ ಪ್ರಾಣ ಹೋಗುತ್ತದೆ. ಕೇಡು ಬಗೆದರೆ ಆ ಹೆಸರಿಲ್ಲದ ಹುಡುಗನ ಪ್ರಾಣವೂ ಹೋಗಬಹುದು.

ಹದಿನೆಂಟು ಮೀಟರಿಗೆ ಇಪ್ಪತ್ತೊಂಬತ್ತು ಬಾಗಿಲು

ಮೊದಲು ಪೈಪನ್ನು ನೋಡೋಣ. ಆ ಕಾಲದ ಮನೆಗಳಿಗೆ ಹಾಕುತ್ತಿದ್ದುದು ಕಂದು ಹೊಳಪಿನ ಸ್ಟೋನ್‌ವೇರ್ ಪೈಪು. ಜೇಡಿಮಣ್ಣಿನ ಕೊಳವೆಯನ್ನು ಭಟ್ಟಿಯಲ್ಲಿ ಸುಡುವಾಗ ಬೆಂಕಿಗೆ ಅಡುಗೆ ಉಪ್ಪನ್ನು ಎಸೆಯುತ್ತಾರೆ. ಆ ಉರಿಯಲ್ಲಿ ಉಪ್ಪು ಆವಿಯಾಗಿ, ಅದರ ಸೋಡಿಯಂ ಮಣ್ಣಿನಲ್ಲಿರುವ ಸಿಲಿಕಾದೊಂದಿಗೆ ಕೂಡಿ, ಕೊಳವೆಯ ಮೈಮೇಲೆ ತೆಳುವಾದ ಗಾಜಿನ ಪದರ ಮೂಡುತ್ತದೆ. ಈ ಪದರವನ್ನು ಆಮ್ಲ ತಿನ್ನದು, ನೀರು ದಾಟದು. ಒಡೆಯದೆ ಇದ್ದರೆ ನೂರು ವರ್ಷ ಬಾಳುವ ವಸ್ತು ಅದು. ಬೇರಿಗಂತೂ ಅದನ್ನು ಕೊರೆಯುವ ಶಕ್ತಿಯೇ ಇಲ್ಲ.

ಹಾಗಾದರೆ ತಪ್ಪು ಎಲ್ಲಿ? ಜೋಡಣೆಯಲ್ಲಿ. ಇಂಥ ಒಂದು ಕೊಳವೆಯ ಉದ್ದ ಸಾಮಾನ್ಯವಾಗಿ 60 ಸೆಂಟಿಮೀಟರ್. ಒಂದರ ಅಗಲ ಬಾಯಿಗೆ ಇನ್ನೊಂದರ ಸಪೂರ ತುದಿಯನ್ನು ಸೇರಿಸಿ, ಸಂದಿಗೆ ಸಿಮೆಂಟು ನೀರಲ್ಲಿ ಅದ್ದಿದ ಸೆಣಬಿನ ಹುರಿ ತುಂಬಿ, ಮೇಲೆ ಸಿಮೆಂಟು ಗಾರೆ ಮೆತ್ತುತ್ತಾರೆ. ಮನೆಯ ಹಿಂದಿನಿಂದ ಬೀದಿಯವರೆಗೆ 60 ಅಡಿ, ಅಂದರೆ ಸುಮಾರು 18 ಮೀಟರ್. ಲೆಕ್ಕ ಹಾಕಿ ನೋಡಿ: 30 ಕೊಳವೆ, ಅವುಗಳ ನಡುವೆ 29 ಜೋಡಣೆ. ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೇಲೆ ಕಾರು ನಿಲ್ಲುತ್ತದೆ. ಕೊಳವೆ ಕೂದಲೆಳೆಯಷ್ಟು ಅಲುಗಿದರೂ ಗಾರೆ ಬಿರುಕು ಬಿಡುತ್ತದೆ. 29 ಜೋಡಣೆಗಳಲ್ಲಿ ಒಂದು ಬಿರುಕು ಬಿಟ್ಟರೂ ಬೇರಿಗೆ ಬಾಗಿಲು ತೆರೆದಂತೆ.

ಅಂದರೆ ಬೇರು ಬರುವ ಮೊದಲೇ ಪೈಪು ಸೋರುತ್ತಿತ್ತು. ಒಳಗಿನ ತೇವ ಹೊರಗಿನ ಮಣ್ಣಿಗೆ ಹರಡಿತು. ಬೇರು ಆ ತೇವದ ಜಾಡು ಹಿಡಿದು ಬಂತು. ಬೇರಿನಿಂದ ಸೋರಿಕೆ ಆರಂಭವಾಗಲಿಲ್ಲ, ಸೋರಿಕೆಯಿಂದಾಗಿ ಬೇರು ಬಂತು.

ಕಣ್ಣಿಲ್ಲದ ಬೇರಿಗೆ ದಾರಿ ತೋರಿದವರು ಯಾರು?

ಬೇರಿಗೆ ಕಣ್ಣಿಲ್ಲ, ಮೂಗಿಲ್ಲ. ಆದರೂ ಅದರ ತುದಿಗೆ ದಿಕ್ಕು ತಿಳಿಯುತ್ತದೆ. ಭೂಮಿಯ ಸೆಳೆತಕ್ಕೆ ಅನುಗುಣವಾಗಿ ಕೆಳಕ್ಕೆ ಇಳಿಯುವುದು ಗುರುತ್ವಾನುವರ್ತನೆ. ತೇವ ಹೆಚ್ಚಿರುವ ಕಡೆಗೆ ಬಾಗುವುದು ಜಲಾನುವರ್ತನೆ. ಈ ಎರಡನೆಯದನ್ನು 1872ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಜೂಲಿಯಸ್ ಸಾಕ್ಸ್ ಒಂದು ಜರಡಿ ಹಿಡಿದು ತೋರಿಸಿದ. ಓರೆಯಾಗಿ ತೂಗುಹಾಕಿದ ಜರಡಿಯಲ್ಲಿ ಒದ್ದೆ ಮರದ ಹೊಟ್ಟು ತುಂಬಿ ಬೀಜ ಬಿತ್ತಿದ. ಬೇರುಗಳು ಜರಡಿಯ ತೂತಿನಿಂದ ಕೆಳಕ್ಕೆ ಇಳಿದವು. ಹೊರಗೆ ಒಣಗಾಳಿ ತಗುಲಿದ್ದೇ ತಡ, ಭೂಮಿಯ ಸೆಳೆತವನ್ನೂ ಮೀರಿ ಒದ್ದೆ ಜರಡಿಯ ಕಡೆಗೆ ತಿರುಗಿಕೊಂಡವು. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ನೆರವಿನಿಂದ ಬರೆದ ಸಸ್ಯಚಲನೆಯ ಪುಸ್ತಕದಲ್ಲಿ, ಇಂಥ ಅರಿವು ಇರುವುದು ಬೇರಿನ ತುದಿಯಲ್ಲಿ ಎಂದು ವಾದಿಸಿದ.

2007ರಲ್ಲಿ ಜಪಾನಿನ ವಿಜ್ಞಾನಿಗಳು ಸಾಸಿವೆಯ ದೂರದ ನೆಂಟನಾದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ, ಈ ಬಾಗುವಿಕೆಗೆ ಬೇಕೇಬೇಕಾದ ಒಂದು ಜೀನನ್ನು ಗುರುತಿಸಿದರು. ಅದಕ್ಕೆ ಇಟ್ಟ ಹೆಸರು ಮಿಜು-ಕುಸ್ಸೇ. ಜಪಾನಿ ಭಾಷೆಯಲ್ಲಿ ಮಿಜು ಎಂದರೆ ನೀರು. ಈ ಜೀನು ಕೆಟ್ಟ ಗಿಡದ ಬೇರು ಕೆಳಗೇನೋ ಇಳಿಯುತ್ತದೆ, ಆದರೆ ಪಕ್ಕದಲ್ಲೇ ತೇವವಿದ್ದರೂ ಅತ್ತ ತಿರುಗುವುದಿಲ್ಲ.

ಆದರೆ ಒಂದು ಮಾತು ನೆನಪಿರಲಿ. ಬೇರು ದೂರದಲ್ಲಿರುವ ಪೈಪನ್ನು ಹುಡುಕಿಕೊಂಡು ಬಾಣದಂತೆ ಬರುವುದಿಲ್ಲ. ಎಲ್ಲ ದಿಕ್ಕಿಗೂ ಸಾವಿರಾರು ತುದಿಗಳನ್ನು ಚಾಚುತ್ತದೆ. ಬೇರಿಗೆ ಗಾಳಿಯೂ ಬೇಕಾದ್ದರಿಂದ ಹೆಚ್ಚಿನ ಬೇರುಗಳು ನೆಲದ ಮೇಲಿನ ಒಂದು ಮೀಟರಿನೊಳಗೇ ಹರಡುತ್ತವೆ, ಹಲವು ವೇಳೆ ಕೊಂಬೆಗಳ ನೆರಳನ್ನೂ ಮೀರಿ ಹೋಗುತ್ತವೆ. ಮನೆಯ ಪೈಪು ಇರುವುದೂ ಸುಮಾರು ಅದೇ ಆಳದಲ್ಲಿ. ಪೈಪಿಗೆಂದು ಅಗೆದು ಮುಚ್ಚಿದ ಮಣ್ಣು ಸುತ್ತಲಿನದಕ್ಕಿಂತ ಸಡಿಲ. ಗಟ್ಟಿ ನೆಲದಲ್ಲಿ ತಡಕಾಡುವ ಬೇರಿಗೆ ಅದು ರಾಜಮಾರ್ಗ. ಅಲ್ಲಿ ಯಾವುದೋ ಒಂದು ತುದಿಗೆ ತೇವ ತಗುಲಿದರೆ ಅದು ದಪ್ಪಗಾಗಿ ಕವಲೊಡೆಯುತ್ತದೆ. ಒಣಗಿದ ಕಡೆ ಹೋದವು ಹಾಗೇ ಸಣಕಲಾಗಿ ಉಳಿಯುತ್ತವೆ. ಹಳ್ಳಿಯಲ್ಲಿ ಅತ್ತಿಮರ ಸೊಂಪಾಗಿರುವ ಕಡೆ ಬಾವಿ ತೋಡುವ ವಾಡಿಕೆಯ ಹಿಂದಿರುವುದೂ ಇದೇ ತರ್ಕ: ನೀರಿರುವಲ್ಲಿ ಬೇರು ಬಲಿಯುತ್ತದೆ. ಆರನೆಯ ಶತಮಾನದ ವರಾಹಮಿಹಿರ ಮರ ಮತ್ತು ಹುತ್ತಗಳನ್ನು ನೋಡಿ ಅಂತರ್ಜಲ ಊಹಿಸುವ ಬಗೆಯನ್ನು ಬೃಹತ್ಸಂಹಿತೆಯಲ್ಲಿ ಒಂದು ಅಧ್ಯಾಯವಾಗಿಯೇ ಬರೆದಿದ್ದಾನೆ.

ಪೈಪಿನೊಳಗಿನ ಸ್ವರ್ಗ

ಬಿರುಕಿನಲ್ಲಿ ನುಸುಳುವಾಗ ಬೇರಿನ ತುದಿ ಹೊಲಿಗೆ ದಾರದಷ್ಟು ತೆಳು. ಒಳಗೆ ಹೋದ ಮೇಲೆ ಅದಕ್ಕೆ ಹಬ್ಬ. ಕೊಳಚೆ ಪೈಪು ತುಂಬಿ ಹರಿಯುವುದಿಲ್ಲ, ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಕೆಳಗೆ ನೀರು, ಮೇಲೆ ಗಾಳಿ. ನೀರಿನಲ್ಲಿ ಸಾರಜನಕ, ರಂಜಕ, ಪೊಟ್ಯಾಸಿಯಂ. ರೈತ ದುಡ್ಡು ಕೊಟ್ಟು ಹೊಲಕ್ಕೆ ಹಾಕುವುದೆಲ್ಲ ಇಲ್ಲಿ ಪುಕ್ಕಟೆ! ಬೇರು ನೂರಾರು ಎಳೆಗಳಾಗಿ ಒಡೆದು ಪರದೆಯಂತೆ ಇಳಿಬೀಳುತ್ತದೆ. ಆ ಪರದೆಗೆ ಅಡುಗೆಮನೆಯ ಜಿಡ್ಡು, ತಲೆಗೂದಲು, ಬಟ್ಟೆಚೂರು, ಪ್ಲಾಸ್ಟಿಕ್ಕು ಒಂದೊಂದಾಗಿ ಸಿಕ್ಕಿಕೊಳ್ಳುತ್ತವೆ. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ನೀರು ನಿಲ್ಲುತ್ತದೆ.

ಇತ್ತ ಬಿರುಕಿನಲ್ಲಿ ಸಿಕ್ಕಿಕೊಂಡ ಬೇರು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತದೆ. ಅಭಿಸರಣೆಯಿಂದ ನೀರು ಹೀರಿ ಬಿಗಿದುಕೊಂಡ ಜೀವಕೋಶಗಳ ಒತ್ತಡ ಸಾಮಾನ್ಯವಲ್ಲ. ಬೆಳೆಯುವ ಬೇರು ಒಂದು ಚದರ ಸೆಂಟಿಮೀಟರಿಗೆ 5ರಿಂದ 10 ಕಿಲೋಗ್ರಾಂವರೆಗೂ ಒತ್ತಬಲ್ಲದು. ಕಾರಿನ ಚಕ್ರದ ಗಾಳಿಯ ಒತ್ತಡ ಸುಮಾರು 2 ಕಿಲೋಗ್ರಾಂ ಎಂಬುದನ್ನು ಹೋಲಿಸಿ ನೋಡಿ. ಆಗ ಮಾತ್ರ ಬೇರು ಪೈಪನ್ನು ಸೀಳುತ್ತದೆ. ಅಂದರೆ ಹುಡುಗಿಯ ಪ್ರಶ್ನೆಗೆ ಉತ್ತರ ಇದು: ಬೇರು ಬಾಗಿಲು ಒಡೆದು ಬರಲಿಲ್ಲ. ತೆರೆದ ಬಾಗಿಲಿನಿಂದ ಬಂದು, ಆಮೇಲೆ ಬಾಗಿಲುವಾಡವನ್ನು ಮುರಿಯಿತು.

ತೆಂಗು, ಅಡಿಕೆಯಂಥ ಮರಗಳಿಗೆ ತಾಯಿಬೇರಿಲ್ಲ. ಅವುಗಳ ಬೇರು ವರ್ಷವರ್ಷವೂ ದಪ್ಪವಾಗುತ್ತ ಹೋಗುವುದಿಲ್ಲ. ಆದ್ದರಿಂದ ಪೈಪನ್ನು ಸೀಳುವ ಭಯ ಕಡಿಮೆ. ಆದರೆ ಬಿರುಕು ಸಿಕ್ಕರೆ ಅವೂ ಒಳಗೆ ಚಾಪೆ ಹೆಣೆಯುತ್ತವೆ. ಆಲ, ಅರಳಿ, ಅತ್ತಿಯ ಜಾತಿಯವು ಎರಡರಲ್ಲೂ ಗಟ್ಟಿಗರು.

ಮರ ಹೇಳಿದ ದೂರು

ನೀರು ಒಳಗಿನಿಂದ ಹೊರಕ್ಕೆ ಸೋರುವುದು ಬೇರಿಗೆ ಹಬ್ಬ. ಮನೆಯವರಿಗೆ? ಹಳೆಯ ಮನೆಗಳಲ್ಲಿ ಗೇಟಿನ ಬಳಿಯೇ ಒಂದು ಕಡೆ ಕೊಳಚೆ ಪೈಪು, ಇನ್ನೊಂದು ಕಡೆ ಕುಡಿಯುವ ನೀರಿನ ಸಂಪು. ನಲ್ಲಿಯಲ್ಲಿ ನೀರು ನಿಂತಾಗ ಆ ಪೈಪಿನಲ್ಲಿ ಒತ್ತಡ ಕುಸಿಯುತ್ತದೆ. ಅದರಲ್ಲೂ ಒಂದು ಬಿರುಕಿದ್ದರೆ ಸುತ್ತಲಿನ ಕೊಳೆನೀರನ್ನು ಒಳಕ್ಕೆಳೆದುಕೊಳ್ಳುತ್ತದೆ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಮನೆಗೆ ಬರುವ ದಾರಿಗಳಲ್ಲಿ ಇದೂ ಒಂದು. ಮರ ಕಡಿಸಿ ಸುಮ್ಮನಾದರೆ ಪೈಪಿನ ಸೋರಿಕೆ ನಿಲ್ಲುವುದಿಲ್ಲ, ಸೋರುತ್ತಿದೆ ಎಂದು ತಿಳಿಸುವವರು ಯಾರೂ ಇರುವುದಿಲ್ಲ ಅಷ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಯಾವುದನ್ನು ಮಾಡಬಾರದು?

ಪೈಪು ಕಟ್ಟಿದ ಕೂಡಲೇ ಅನೇಕರು ಬಚ್ಚಲು ತೊಳೆಯುವ ಆಸಿಡ್ ಸುರಿಯುತ್ತಾರೆ. ಅದು ನಿಂತ ನೀರಿನಲ್ಲಿ ಬೆರೆತು ತೆಳುವಾಗುತ್ತದೆ, ಬೇರು ಹಾಗೇ ಇರುತ್ತದೆ. ಮೊದಲೇ ಬ್ಲೀಚಿಂಗ್ ಪುಡಿ ಹಾಕಿದ್ದರಂತೂ ಎರಡೂ ಸೇರಿ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ. ಇನ್ನು ಕೆಲವರು ಮೈಲುತುತ್ತದ ಸಲಹೆ ಕೊಡುತ್ತಾರೆ. ಅದು ತಾನು ಮುಟ್ಟಿದಷ್ಟು ಬೇರನ್ನು ಸುಡುವುದು ನಿಜ. ಆದರೆ ತಾಮ್ರ ನೀರಿನೊಂದಿಗೆ ಮುಂದೆ ಹೋಗಿ, ಕೊಳಚೆಯನ್ನು ಶುದ್ಧಗೊಳಿಸುವ ಸೂಕ್ಷ್ಮಜೀವಿಗಳಿಗೂ ಕೆರೆಯ ಮೀನಿಗೂ ಕಂಟಕವಾಗುತ್ತದೆ. ಮನೆಯ ಹಿತ್ತಲಿನಲ್ಲಿ ಮಲಗುಂಡಿ ಇದ್ದರೆ ಅದರಲ್ಲಿನ ಉಪಕಾರಿ ಬ್ಯಾಕ್ಟೀರಿಯಾ ಸಾಯುತ್ತವೆ.

ಎಲ್ಲಕ್ಕಿಂತ ಮಿಗಿಲಾಗಿ, ಮನುಷ್ಯನನ್ನು ಮ್ಯಾನ್‌ಹೋಲಿಗೆ ಇಳಿಸಲೇಬಾರದು. ಗಾಳಿಯಾಡದ ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡಿನ ಅಣುತೂಕ 34. ಗಾಳಿಯ ಸರಾಸರಿ ಅಣುತೂಕ 29. ಭಾರವಾದ್ದರಿಂದ ಅದು ಗುಂಡಿಯ ತಳದಲ್ಲೇ ಉಳಿಯುತ್ತದೆ. ಮಡ್ಡಿಯನ್ನು ಕದಡಿದಾಗ ಒಮ್ಮೆಲೇ ಹೊರಬರುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದನ್ನು ಗುರುತಿಸಬಹುದು ಎಂದು ಪಾಠದಲ್ಲಿ ಓದಿದ್ದೀರಿ. ಪಾಠದಲ್ಲಿ ಬಾರದ ಮಾತು ಇದು: ಹತ್ತು ಲಕ್ಷ ಭಾಗ ಗಾಳಿಯಲ್ಲಿ ಸುಮಾರು 100 ಭಾಗ ಸೇರಿದರೆ ಮೂಗು ಕೆಲವೇ ನಿಮಿಷದಲ್ಲಿ ಮರಗಟ್ಟುತ್ತದೆ. ವಾಸನೆ ಹೋಯಿತು, ಅಪಾಯ ಕಳೆಯಿತು ಎಂದುಕೊಳ್ಳುವ ಹೊತ್ತಿಗೇ ಅಪಾಯ ಹೆಚ್ಚಿರುತ್ತದೆ. 700 ಭಾಗ ದಾಟಿದರೆ ಕೆಲವು ಉಸಿರಿನಲ್ಲೇ ಆತ ಕುಸಿಯಬಹುದು. ಅವನನ್ನು ಎತ್ತಲು ಇಳಿದವನದೂ ಅದೇ ಗತಿ. ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತರೆಂಬ ಸುದ್ದಿಗಳ ಹಿಂದಿರುವುದು ಈ ರಸಾಯನಶಾಸ್ತ್ರವೇ.

ಕಾನೂನೂ ಸ್ಪಷ್ಟವಾಗಿದೆ. ಕೈಯಿಂದ ಮಲ ಬಾಚಿಸುವುದನ್ನು ನಿಷೇಧಿಸಿದ 1993ರ ಕಾಯ್ದೆಯ ನಂತರ 2013ರಲ್ಲಿ ಇನ್ನೂ ವ್ಯಾಪಕವಾದ ಕಾಯ್ದೆ ಬಂತು. ಒಳಚರಂಡಿ, ಮಲಗುಂಡಿಗಳ ಅಪಾಯಕಾರಿ ಶುಚಿ ಕೆಲಸಕ್ಕೆ ಯಾರನ್ನೂ ತೊಡಗಿಸಬಾರದು ಎನ್ನುತ್ತದೆ ಅದು. ಈ ಮಾತು ನಗರಸಭೆ, ಗುತ್ತಿಗೆದಾರರಿಗಷ್ಟೇ ಅಲ್ಲ, ಮನೆಯ ಯಜಮಾನರಿಗೂ ಅನ್ವಯ. ಮೊದಲ ತಪ್ಪಿಗೇ 2 ವರ್ಷದವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಹೀಗೆ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಎಷ್ಟು ಏರಿದರೂ ಹೋದ ಜೀವ ಬಾರದು.

ಹಾಗಾದರೆ ಮಾಡುವುದೇನು?

ಮೊದಲು ಅಡಚಣೆ ಎಲ್ಲಿದೆ ಎಂದು ಪತ್ತೆಮಾಡಬೇಕು. ಇದಕ್ಕೆ ಯಂತ್ರ ಬೇಡ, ತರ್ಕ ಸಾಕು. ಚೇಂಬರುಗಳ ಮುಚ್ಚಳವನ್ನು ದೊಡ್ಡವರು ಸರಿಸಿ, ಗಾಳಿಯಾಡಲು ಬಿಟ್ಟು, ದೂರ ನಿಂತು ನೋಡಲಿ. ಒಳಗೆ ತಲೆ ಬಗ್ಗಿಸಬಾರದು. ಮೀಥೇನ್ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಮೇಲಿನ ಚೇಂಬರು ತುಂಬಿದ್ದು ಕೆಳಗಿನದು ಬರಿದಾಗಿದ್ದರೆ ಅಡಚಣೆ ಅವೆರಡರ ನಡುವೆ. ಮನೆಯ ಕೊನೆಯ ಚೇಂಬರು ತುಂಬಿದ್ದು ಬೀದಿಯಲ್ಲಿ ನೀರು ಸರಾಗವಾಗಿ ಹರಿಯುತ್ತಿದ್ದರೆ ಅಡಚಣೆ ಮನೆಗೂ ಬೀದಿಗೂ ನಡುವಿನ ಪೈಪಿನಲ್ಲಿ. ಬೀದಿಯ ಮ್ಯಾನ್‌ಹೋಲೇ ತುಂಬಿದ್ದರೆ ಅದು ಊರಿನ ಒಳಚರಂಡಿ ನೋಡಿಕೊಳ್ಳುವ ಕಚೇರಿಯ ಕೆಲಸ. ದೂರು ಕೊಟ್ಟರೆ ಜೆಟ್ಟಿಂಗ್ ಯಂತ್ರ ಕಳಿಸುತ್ತಾರೆ.

ಮನೆಯ ಪೈಪಾದರೆ ಹಿಂದೆ ಬಿದಿರಿನ ಸೀಳು ತುರುಕಿ ತಳ್ಳುತ್ತಿದ್ದರು. ಈಗ ಮೇಲೆ ನಿಂತೇ ತಿರುಗಿಸುವ ಉಕ್ಕಿನ ಸುರುಳಿಗಳಿವೆ. ಅದರ ತುದಿಯ ಅಲಗು ಬೇರನ್ನು ಕತ್ತರಿಸುತ್ತದೆ. ಹೆಚ್ಚಿನ ಒತ್ತಡದ ನೀರು ಚೂರುಗಳನ್ನು ಕೊಚ್ಚಿ ಒಯ್ಯುತ್ತದೆ. ಆದರೆ ಇಷ್ಟಕ್ಕೇ ನಿಲ್ಲಿಸಬಾರದು. ತುದಿ ಕತ್ತರಿಸಿದ ಬೇರು ಬೇಲಿಯ ಗಿಡದಂತೆ ಇನ್ನೂ ಹೆಚ್ಚು ಕವಲೊಡೆಯುತ್ತದೆ. ಬಾಗಿಲು ತೆರೆದಿರುವವರೆಗೆ ಅತಿಥಿ ಮರಳಿ ಬರುತ್ತಲೇ ಇರುತ್ತಾನೆ. ಪೈಪಿನೊಳಗೆ ಪುಟ್ಟ ಕ್ಯಾಮೆರಾ ಹಾಯಿಸಿದರೆ ಕೆಟ್ಟ ಜೋಡಣೆ ಯಾವುದೆಂದು ಕಾಣುತ್ತದೆ. ಅಲ್ಲಿ ಮಾತ್ರ ಅಗೆದು ಸರಿಪಡಿಸಬಹುದು. ಇಡೀ ಸಾಲೇ ಹಳತಾಗಿದ್ದರೆ ಪಿವಿಸಿ ಪೈಪು ಹಾಕಿಸುವುದು ಲೇಸು. ಅದು 6 ಮೀಟರ್ ಉದ್ದದಲ್ಲೂ ಸಿಗುತ್ತದೆ. ಅದೇ 18 ಮೀಟರಿಗೆ 3 ಪೈಪು, 2 ಜೋಡಣೆ. 29 ಬಾಗಿಲು ಇದ್ದ ಕಡೆ ಎರಡೇ ಬಾಗಿಲು, ಅವಕ್ಕೂ ರಬ್ಬರು ಬಳೆಯ ಅಥವಾ ಅಂಟಿನ ಬಿಗಿ! ಇಳಿಜಾರು ಮಾತ್ರ ಸರಿಯಾಗಿರಬೇಕು. 4 ಅಂಗುಲದ ಪೈಪಿಗೆ 40 ಅಡಿ ಉದ್ದಕ್ಕೆ ಒಂದು ಅಡಿ ಇಳಿತ ಎಂಬುದು ರೂಢಿಯ ಲೆಕ್ಕ.

ಮರದ ವಿಚಾರವನ್ನೂ ಮರೆಯಬಾರದು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟರೆ, ನಗರದಲ್ಲಿ ಸ್ವಂತ ನಿವೇಶನದ ಮರ ಕಡಿಯುವುದಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಹೊಸದಾಗಿ ಗಿಡ ನೆಡುವವರು ಪೈಪಿನಿಂದ ಹತ್ತು ಅಡಿಯಾದರೂ ದೂರ ನೆಡಲಿ. ಆಲ, ಅರಳಿ, ಅತ್ತಿಯಂಥವನ್ನು ಸಣ್ಣ ನಿವೇಶನದಲ್ಲಿ ನೆಡದಿರುವುದೇ ಮೇಲು. ಪೈಪು ಹಾದಿರುವ ಕಡೆ ತುಳಸಿ, ದಾಸವಾಳ, ಮಲ್ಲಿಗೆ ಸಾಕು.

ಆ ಮನೆಯಲ್ಲಿ ಕೊನೆಗೆ ನಡೆದದ್ದು ಇಷ್ಟು. ಹುಡುಗನನ್ನು ಇಳಿಸುವುದು ಬೇಡವೆಂದು ಯಜಮಾನರು ಖಡಾಖಂಡಿತವಾಗಿ ಹೇಳಿದರು. ಸುರುಳಿ ಯಂತ್ರದವರು ಮರುದಿನ ಬಂದರು. ಒಂದು ದಿನ ನೆರೆಮನೆಯ ಬಚ್ಚಲಿಗೆ ಹೋಗಿಬರಬೇಕಾಯಿತು, ಅಷ್ಟೆ. ಗೇಟಿನ ಬಳಿ ಎರಡೂವರೆ ಅಡಿ ಅಗೆದಾಗ ಜೋಡಣೆಯ ಗಾರೆ ಹಪ್ಪಳದಂತೆ ಎದ್ದುಬಂತು. ಅಲ್ಲಿಂದ ಮೂರೇ ಅಡಿ ದೂರದಲ್ಲಿ ಸಂಪು! ಯಜಮಾನರು ಅದನ್ನು ಕಂಡು ಬಹಳ ಹೊತ್ತು ಮಾತಾಡಲಿಲ್ಲ. ಸಂಪನ್ನು ಬರಿದು ಮಾಡಿಸಿ ತೊಳೆಸಿದರು, ಪೈಪು ಬದಲಾಯಿಸಿದರು. ಹೊಂಗೆಯ ಎರಡು ಬೇರು ಮಾತ್ರ ಹೋದವು. ಮುಂದಿನ ಚೈತ್ರದಲ್ಲಿ ಅದು ಎಂದಿನಂತೆ ಚಿಗುರಿತು. "ಮರವೇ ಹೇಳದಿದ್ದರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಅಲ್ವಾ ಅಪ್ಪಾ?" ಎಂದಳು ಮಗಳು.

ಮಾಡಿ ನೋಡಿ

ಬೇಕಾದ ವಸ್ತುಗಳು: ದೊಡ್ಡ ಕಣ್ಣಿನ ಎರಡು ಹಳೆಯ ಜರಡಿ, ಒದ್ದೆ ತೆಂಗಿನ ನಾರಿನ ಪುಡಿ ಅಥವಾ ಮರದ ಹೊಟ್ಟು, ರಾತ್ರಿಯಿಡೀ ನೆನೆಸಿದ ಹೆಸರುಕಾಳು, ಒಂದು ಬಕೆಟ್, ಒಂದು ತಟ್ಟೆ.

ಎರಡೂ ಜರಡಿಗಳಿಗೆ ಹೊಟ್ಟನ್ನು ಒಂದು ಅಂಗುಲ ತುಂಬಿ, ತಳಕ್ಕೆ ಹತ್ತಿರವಾಗಿ ಕಾಳು ಹುದುಗಿಸಿ. ಒಂದನ್ನು ನೆರಳಿನಲ್ಲಿ ಓರೆಯಾಗಿ ತೂಗುಹಾಕಿ. ಇನ್ನೊಂದನ್ನು ತಳದಲ್ಲಿ ಸ್ವಲ್ಪ ನೀರಿರುವ ಬಕೆಟ್ಟಿನೊಳಗೆ, ನೀರಿಗೆ ತಾಗದಂತೆ ಓರೆಯಾಗಿ ಇರಿಸಿ, ಬಕೆಟ್ಟಿನ ಬಾಯಿಗೆ ತಟ್ಟೆ ಮುಚ್ಚಿ. ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ನಾಲ್ಕೈದು ದಿನದಲ್ಲಿ ಬೇರುಗಳು ತೂತಿನಿಂದ ಹೊರಬರುತ್ತವೆ.

ಒಣಗಾಳಿಯಲ್ಲಿ ತೂಗಿದ ಜರಡಿಯ ಬೇರು ಎತ್ತ ತಿರುಗಿತು? ತೇವಗಾಳಿ ತುಂಬಿದ ಬಕೆಟ್ಟಿನಲ್ಲಿ ಏನಾಯಿತು? ಎರಡರಲ್ಲೂ ನೀರಿದ್ದರೂ ವ್ಯತ್ಯಾಸ ಬಂದಿದ್ದರೆ ಅದಕ್ಕೆ ಕಾರಣವೇನು? ಉತ್ತರವನ್ನು ಚಿತ್ರದೊಂದಿಗೆ ನೋಟ್‌ಬುಕ್ಕಿನಲ್ಲಿ ಬರೆದು, ಮನೆಯಲ್ಲಿ ಅಪ್ಪ ಅಮ್ಮನಿಗೂ ತೋರಿಸಿ. ನಿಮ್ಮ ಮನೆಯ ಕೊಳಚೆ ಪೈಪಿಗೂ ಸಂಪಿಗೂ ಎಷ್ಟು ಅಡಿ ಅಂತರವಿದೆ ಎಂದು ಅವರನ್ನು ಕೇಳುವುದನ್ನೂ ಮರೆಯಬೇಡಿ.